‘ಚೋಕ್ ತೆಗೆಯಿರಿ’ ಅಂದರೆ ಹಾಕಬೇಕೋ, ಬಿಡಬೇಕೋ?

ಎಲ್ಲರಿಗೂ ನಮಸ್ಕಾರ.

ಹುಲ್ಲು ಕತ್ತರಿಸುವ ಪೆಟ್ರೋಲ್ ಮಷೀನು ಸ್ಟಾರ್ಟ್ ಆಗದಿದ್ದರೆ ಏನೇನು ನೋಡಬೇಕು ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮೆಕ್ಯಾನಿಕ್ ಕೆಲಸ ಗೊತ್ತಿಲ್ಲದವರೂ ಓದಿ ತಾವೇ ಮಾಡಿಕೊಳ್ಳುವ ಹಾಗಿರಬೇಕು. ಭಾಗಗಳ ಹೆಸರಿನ ಬಗ್ಗೆ ನನಗೇನೂ ತಕರಾರಿಲ್ಲ. ಕಿಡಿ ಹಾರಿಸುವ ಪ್ಲಗ್ಗು, ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬುರೇಟರ್, ಏರ್ ಫಿಲ್ಟರ್ ಎಲ್ಲ ಹಾಗೇ ಇರಲಿ. ‘ಕಿಡಿಬೆಣೆ ಕೊಡಿ’ ಅಂದರೆ ಅಂಗಡಿಯವರು ಏನು ಕೊಟ್ಟಾರು? ತೊಡಕಿರುವುದು ಕ್ರಿಯಾಪದಗಳಲ್ಲಿ, ದೋಷಗಳ ಹೆಸರಿನಲ್ಲಿ, ಮತ್ತೆ ಹೆಸರೇ ಗೊತ್ತಿಲ್ಲದ ಒಂದೇ ಒಂದು ಭಾಗದಲ್ಲಿ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲನೆಯದು ಚೋಕ್. ಇಂಜಿನ್ ತಣ್ಣಗಿದ್ದಾಗ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಆಗ ಕಾರ್ಬುರೇಟರಿನ ಬಾಯಲ್ಲಿರುವ ಸಣ್ಣ ತಗಡಿನ ಮುಚ್ಚಳ, ಅಂದರೆ ಚೋಕ್, ಗಾಳಿಯನ್ನು ತಡೆಯುತ್ತದೆ. ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ ಆಗಿ ಇಂಜಿನ್ ಹತ್ತಿಕೊಳ್ಳುತ್ತದೆ. ಓಡತೊಡಗಿದ ಮೇಲೆ ಮುಚ್ಚಳ ತೆರೆಯಬೇಕು. ವಿಷಯ ಇಷ್ಟೇ. ಈಗ ಇದನ್ನು ಬರೆಯಿರಿ ನೋಡೋಣ.

‘ಚೋಕ್ ತೆಗೆಯಿರಿ’ ಅಂದರೆ ಏನು? ಬಾಗಿಲು ತೆಗೆ ಅಂದರೆ ತೆರೆ. ಲೈಟ್ ತೆಗೆ ಅಂದರೆ ಆರಿಸು. ಗುಂಡಿಯನ್ನು ಹೊರಗೆ ಎಳೆಯುವ ಚೋಕ್ ಆದರೆ ‘ತೆಗೆ’ ಅಂದಾಗ ಕೈ ತಾನಾಗಿ ಅದನ್ನು ಎಳೆಯುತ್ತದೆ, ಅಂದರೆ ಚೋಕ್ ಹಾಕಿದ ಹಾಗಾಯಿತು! ಸರಿ, ‘ಮುಚ್ಚಿ’ ಅನ್ನೋಣವೆಂದರೆ ಅದು ಇನ್ನೂ ಕಷ್ಟ. ಮೆಕ್ಯಾನಿಕ್ಕಿಗೆ ಚೋಕ್ ಮುಚ್ಚುವುದು ಅಂದರೆ ಗಾಳಿ ಮುಚ್ಚುವುದು, ಅಂದರೆ ಚೋಕ್ ಕೆಲಸ ಮಾಡುವ ಸ್ಥಿತಿ. ಉಳಿದವರಿಗೆ ಮುಚ್ಚುವುದು ಅಂದರೆ ನಲ್ಲಿ ಮುಚ್ಚಿದ ಹಾಗೆ, ಬಂದ್ ಮಾಡುವುದು. ಒಂದೇ ಮಾತಿಗೆ ಪೂರ್ತಿ ಎದುರುಬದುರು ಅರ್ಥ. ತಪ್ಪು ಅರ್ಥ ಮಾಡಿಕೊಂಡರೆ ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡುವ ಹಗ್ಗ ಎಷ್ಟು ಎಳೆದರೂ ಏಳುವುದಿಲ್ಲ. ಬಿಸಿ ಇಂಜಿನ್ ಆದರೆ ಒಳಗೆ ಪೆಟ್ರೋಲ್ ತುಂಬಿಕೊಳ್ಳುತ್ತದೆ.

ಸದ್ಯಕ್ಕೆ ‘ಚೋಕ್ ಹಾಕಿ’, ‘ಚೋಕ್ ಬಿಡಿ’ ಅಂತ ಬರೆದಿದ್ದೇನೆ. ಫ್ಯಾನ್ ಹಾಕು ಅನ್ನುವ ಬಳಕೆ ಇರುವುದರಿಂದ ‘ಹಾಕಿ’ ಗಟ್ಟಿಯಾಗಿ ನಿಲ್ಲುತ್ತದೆ. ‘ಬಿಡಿ’ ಮಾತ್ರ ನನಗೆ ಪೂರ್ತಿ ಸಮಾಧಾನ ಕೊಟ್ಟಿಲ್ಲ. ನೀರು ಬಿಡು ಅಂದರೆ ಶುರು ಮಾಡು ಅಂತಲೇ ಅಲ್ವಾ?

ಎರಡನೆಯದು ಇದಕ್ಕೇ ಅಂಟಿಕೊಂಡಿದೆ. ಚೋಕ್ ಹಾಕಿಕೊಂಡೇ ಹಗ್ಗ ಎಳೆಯುತ್ತಾ ಹೋದರೆ, ಅಥವಾ ಪೆಟ್ರೋಲ್ ಒತ್ತುವ ರಬ್ಬರ್ ಗುಬ್ಬಿಯನ್ನು ಸುಮ್ನೆ ಒತ್ತುತ್ತಲೇ ಇದ್ದರೆ, ಇಂಜಿನ್ ಒಳಗೆ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ನೆನೆಯುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ‘ಓವರ್‌ಫ್ಲೋ ಆಗಿದೆ’ ಅನ್ನುವವರಿದ್ದಾರೆ. ಆದರೆ ಕಾರ್ಬುರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ಸೂಜಿ ಸರಿಯಾಗಿ ಕೂರದೆ ಪೆಟ್ರೋಲ್ ಹೊರಗೆ ಸೋರಿದರೂ ಅದೇ ಹೆಸರು. ಮೊದಲನೆಯದಕ್ಕೆ ಚೋಕ್ ಬಿಟ್ಟು, 10–15 ನಿಮಿಷ ಸುಮ್ಮನಿದ್ದು, ಮತ್ತೆ ಎಳೆದರೆ ಸಾಕಾಗಬಹುದು. ಎರಡನೆಯದಕ್ಕೆ ಕಾರ್ಬುರೇಟರ್ ಬಿಚ್ಚಬೇಕು. ಒಂದೇ ಪದ ಇಟ್ಟರೆ ಓದುವವರು ಸುಮ್ಮನೆ ಕಾಯಬೇಕಾದ ಕಡೆ ಸ್ಪ್ಯಾನರ್ ಹಿಡಿಯುತ್ತಾರೆ.

‘ಇಂಜಿನ್ ನೆನೆದಿದೆ’ ಅಂದರೆ ಮಳೆಗೆ ನೆನೆದಿದೆ ಅಂದುಕೊಳ್ಳುತ್ತಾರೆ. ‘ಉಸಿರುಕಟ್ಟಿದೆ’ ಕೇಳಲು ಚೆಂದ, ಆದರೆ ಅದು ಧೂಳು ಹಿಡಿದ ಏರ್ ಫಿಲ್ಟರಿಗೇ ಹೆಚ್ಚು ಒಪ್ಪುತ್ತದೆ. ನನಗೆ ಹಿಡಿಸಿದ್ದು ‘ಪ್ಲಗ್ ಒದ್ದೆಯಾಗಿದೆ’. ಯಾಕೆಂದರೆ ಅದನ್ನು ಕಣ್ಣಲ್ಲಿ ನೋಡಬಹುದು. ಪ್ಲಗ್ ಬಿಚ್ಚಿದಾಗ ಒದ್ದೆಯಿದ್ದು ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಜಾಸ್ತಿಯಾಗಿದೆ. ಅಷ್ಟೆಲ್ಲ ಎಳೆದ ಮೇಲೂ ಒಣಗೇ ಇದ್ದರೆ ಪೆಟ್ರೋಲ್ ಅಲ್ಲಿಗೆ ತಲುಪಿಯೇ ಇಲ್ಲ. ದೋಷದ ಹೆಸರೇ ಪರೀಕ್ಷೆಯನ್ನೂ ಹೇಳಿಕೊಟ್ಟರೆ ಒಳ್ಳೆಯದಲ್ಲವೇ?

ಇನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲೇ ಉಳಿದ ಪೆಟ್ರೋಲ್. ಅದರ ಹಗುರ ಅಂಶಗಳು ಆರಿಹೋಗುತ್ತವೆ, ಎಥನಾಲ್ ಬೆರೆತಿದ್ದರೆ ತೇವ ಎಳೆದುಕೊಳ್ಳುತ್ತದೆ, ಉಳಿದದ್ದು ಅಂಟಂಟಾಗಿ ಕಾರ್ಬುರೇಟರಿನ ಸಣ್ಣ ತೂತುಗಳನ್ನು ಕಟ್ಟುತ್ತದೆ. ಇದನ್ನು ‘ಕೆಟ್ಟ ಪೆಟ್ರೋಲ್’ ಅಂದರೆ ಕಲಬೆರಕೆ ಅನ್ನಿಸುತ್ತದೆ. ‘ಹಳೇ ಪೆಟ್ರೋಲ್’ ಅಂದರೆ ಹಳೆಯದಾದರೇನು ಅನ್ನುತ್ತಾರೆ. ‘ಹಳಸಿದ ಪೆಟ್ರೋಲ್’ ಅಂತ ಧೈರ್ಯವಾಗಿ ಬರೆದುಬಿಟ್ಟಿದ್ದೇನೆ. ಹಳಸುವುದು ಅನ್ನ ಸಾರಿಗೆ ಮಾತ್ರ ಅಂತ ಯಾರಾದರೂ ಬೈದರೆ ಬೈಯಲಿ. ಚೆಲ್ಲಿ ಹೊಸದು ತುಂಬಬೇಕು ಅನ್ನುವುದು ಆ ಪದದಲ್ಲೇ ಇದೆ. ಚೆಲ್ಲಿ ಅಂದೆ, ಮೋರಿಗೆ ಅಲ್ಲ ಮತ್ತೆ!

ಕೊನೆಯದಕ್ಕೆ ನನ್ನ ಹತ್ತಿರ ಪದವೇ ಇಲ್ಲ. ಹಿಡಿಕೆಯ ಜೊತೆಗೇ ಒತ್ತಿ ಹಿಡಿಯಬೇಕಾದ ಒಂದು ಕಂಬಿ ಇರುತ್ತದಲ್ಲ, ಅದು. ಸಾಮಾನ್ಯ ಮಷೀನುಗಳಲ್ಲಿ ಅದನ್ನು ಬಿಟ್ಟ ಕೂಡಲೇ ಪ್ಲಗ್ಗಿಗೆ ಕಿಡಿ ನಿಲ್ಲುತ್ತದೆ, ಇಂಜಿನ್ನಿನ ಫ್ಲೈವೀಲಿಗೆ (ಇಂಜಿನ್ ಜೊತೆ ತಿರುಗುವ ಭಾರದ ಚಕ್ರಕ್ಕೆ) ಬ್ರೇಕ್ ಬೀಳುತ್ತದೆ. ಅಮೆರಿಕದಲ್ಲಿ 1982ರಿಂದ, ಹಿಂದೆ ನಡೆದುಕೊಂಡು ತಳ್ಳುವ ಮಷೀನುಗಳಿಗೆ, ಕೈ ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡು ನಿಲ್ಲಲೇಬೇಕು ಅನ್ನುವ ನಿಯಮವಿದೆ. ಕಂಬಿ ಹಿಡಿಯದೆ ಹಗ್ಗ ಎಳೆದು, ‘ಕರೆಂಟ್ ಬರ್ತಿಲ್ಲ’ ಅಂತ ಪ್ಲಗ್ ಬದಲಾಯಿಸುವವರೂ ಇದ್ದಾರೆ. ‘ಬ್ರೇಕ್ ಕಂಬಿ’ ಅಂದರೆ ನಿಲ್ಲಿಸಲು ಹಿಡಿಯಬೇಕು ಅನ್ನಿಸುತ್ತದೆ, ಆದರೆ ಇದು ಓಡಿಸಲು ಹಿಡಿಯುವುದು. ‘ಹಿಡಿಗಂಬಿ’ ಅಂತ ಒಂದು ಹೊಳೆದಿದೆ. ಮೊದಲ ಸಲ ಕೇಳಿದವರಿಗೆ ಅರ್ಥವಾದೀತೇ? ಗ್ಯಾರೇಜು, ತೋಟದ ಕೆಲಸದವರ ಬಾಯಲ್ಲಿ ಬೇರೆ ಏನಾದರೂ ಪದ ಕೇಳಿದ್ದರೆ ತಿಳಿಸಿ. ಹಾಗೇ ‘ಚೋಕ್ ಬಿಡಿ’ಗೆ ಬದಲಿ ಇದ್ದರೆ ಅದನ್ನೂ.