ಬೇಸಿಗೆ ಕೊನೆಗೆ ಹೊಲದ ಮನೆ ಸುತ್ತ ತಿರುಗಾಟ: ಈ ಹೆಜ್ಜೆ ಯಾರದು, ಈ ಕೂಗು ಯಾರದು?

ಕೇಳಿದವರು, ಸೇಡಂ ತಾಲ್ಲೂಕಿನಿಂದ:

ಎಲ್ಲರಿಗೂ ನಮಸ್ಕಾರ. ರಜೆಗೆ ಅಂತ ಮಾವನವರ ಹೊಲದ ಮನೆಗೆ ಬಂದಿದ್ದೇವೆ. ಊರಿಂದ ಸ್ವಲ್ಪ ಹೊರಗೆ, ಚಿಂಚೋಳಿ ದಿಕ್ಕಿಗೆ. ಮಕ್ಕಳಿಬ್ಬರೂ ಬೆಳಿಗ್ಗೆ ಸಂಜೆ ತಿರುಗಾಡಲು ಹಟ ಮಾಡುತ್ತಾರೆ. ಬಂಡಿ ದಾರಿಯ ಧೂಳಿನಲ್ಲಿ ಹೆಜ್ಜೆ ಗುರುತು ಕಾಣುತ್ತವೆ, ನಾಯಿಯದೋ ಬೇರೆಯದೋ ಗೊತ್ತಾಗುತ್ತಿಲ್ಲ. ಬದುವಿನ ಹತ್ತಿರ ಕಪ್ಪು ಬಿಳಿ ಪಟ್ಟೆ ಇರುವ ಗೇಣುದ್ದದ ಮುಳ್ಳು ಸಿಕ್ಕಿತು. ರಾತ್ರಿ ಕೂಗು ಕೇಳುತ್ತದೆ, ಅತ್ತೆ ನರಿ ಅಂತಾರೆ, ಮಾವ ತೋಳ ಅಂತಾರೆ. ಮಿರಗದ ಮಳೆ ಬರುವ ತನಕ ಇಲ್ಲೇ ಇರುತ್ತೇವೆ. ಎಷ್ಟು ಹೊತ್ತಿಗೆ ಹೋಗಬೇಕು, ಏನು ನೋಡಬೇಕು, ಎಲ್ಲಿ ಹುಷಾರಾಗಿರಬೇಕು? ಅನುಭವ ಇದ್ದವರು ಹೇಳಿ.

ಚಿಂಚೋಳಿ ಕಡೆಯವರು:

ಅಕ್ಕಾ, ಮುಳ್ಳಿನ ವಿಷಯ ಮೊದಲು ಮುಗಿಸೋಣ. ಅದು ಮುಳ್ಳುಹಂದಿಯದೇ. ಹೆಸರಲ್ಲಿ ಹಂದಿ ಇದ್ದರೂ ಅದು ಇಲಿ, ಅಳಿಲಿನ ಬಳಗ. ದೂರದಿಂದ ಮುಳ್ಳು ಎಸೆಯುತ್ತೆ ಅಂತ ಊರಲ್ಲಿ ಹೇಳುತ್ತಾರೆ, ಅದು ಸುಳ್ಳು. ಸಡಿಲಾದ ಮುಳ್ಳು ತಾನಾಗಿ ಉದುರುತ್ತೆ, ಇಲ್ಲಾ ನಾಯಿ ಮೈಮೇಲೆ ಬಂದಾಗ ಹಿಮ್ಮುಖವಾಗಿ ನುಗ್ಗಿ ಚುಚ್ಚುತ್ತೆ. ಹಗಲೆಲ್ಲ ಬಿಲದಲ್ಲೋ ಬಂಡೆ ಸಂದಿಯಲ್ಲೋ ಮಲಗಿ ರಾತ್ರಿ ಹೊರಡುವ ಪ್ರಾಣಿ, ಹಾಗಾಗಿ ನಿಮಗೆ ಎದುರು ಸಿಗೋದು ಕಡಿಮೆ. ಮುಳ್ಳು ಸಿಕ್ಕ ಜಾಗದ ಸುತ್ತ ಗಡ್ಡೆಗಾಗಿ ಕೆದರಿದ ಕುಣಿ ಇದೆಯಾ ನೋಡಿ. ದನದ ಹಳೇ ಎಲುಬು ಬಿದ್ದಿದ್ದರೆ ಅದನ್ನೂ ನೋಡಿ, ಅದರ ಮೇಲೆ ಸಾಲು ಸಾಲಾಗಿ ಹಲ್ಲಿನ ಗೀರು ಇರುತ್ತವೆ. ಅದರ ಹಲ್ಲು ಬೆಳೀತಾನೇ ಇರುತ್ತೆ, ಸವೆಸೋಕೆ ಎಲುಬು ಕಡಿಯುತ್ತೆ, ಜೊತೆಗೆ ಸುಣ್ಣದ ಅಂಶವೂ ಸಿಗುತ್ತೆ. ಹಿಂಗಾಲಿನ ಗುರುತು ಎಳೆ ಮಗುವಿನ ಪಾದದ ಹಾಗೆ ಇರುತ್ತೆ, ತುದಿಗೆ ಮಾತ್ರ ಉದ್ದ ಉಗುರು.

ಈಗ ತಿರುಗಾಟ. ನನ್ನ ಒಂದೇ ಮಾತು, ದೂರ ಹೋಗಬೇಡಿ. ದಿನಾ ಅದೇ ದಾರಿ, ಅದೇ ಹಳ್ಳ, ಅದೇ ಬದು. ಹೊಸ ಜಾಗ ಹುಡುಕಿಕೊಂಡು ಹೋದವರಿಗೆ ಏನೂ ಕಾಣಲ್ಲ, ಯಾಕಂದ್ರೆ ನಿನ್ನೆ ಅಲ್ಲಿ ಏನಿತ್ತು ಅಂತ ಅವರಿಗೆ ಗೊತ್ತಿರಲ್ಲ. ಈ ದಿನಗಳಲ್ಲಿ ಮಧ್ಯಾಹ್ನದ ಗಾಳಿ ಜೋರು, ಹಳೇ ಗುರುತೆಲ್ಲ ಅಳಿಸಿ ಹೋಗುತ್ತೆ. ಹಾಗಾಗಿ ಬೆಳಿಗ್ಗೆ ಕಾಣುವ ಚೂಪು ಅಂಚಿನ ಹೆಜ್ಜೆ ರಾತ್ರಿಯದ್ದೇ. ಇನ್ನೂ ಖಾತ್ರಿ ಬೇಕಾದರೆ ಸಂಜೆ ಬಂಡಿ ದಾರಿಯಲ್ಲಿ ನಾಲ್ಕು ಮೊಳ ಜಾಗ ಕಸಬರಿಗೆಯಿಂದ ಗುಡಿಸಿ ಧೂಳು ಸಪಾಟು ಮಾಡಿಬಿಡಿ, ಬೆಳಿಗ್ಗೆ ದನ ಕುರಿ ಟ್ರ್ಯಾಕ್ಟರ್ ಹೊರಡುವ ಮೊದಲೇ ಹೋಗಿ ನೋಡಿ. ಮಕ್ಕಳಿಗೆ ಇದಕ್ಕಿಂತ ಒಳ್ಳೇ ಆಟ ಇಲ್ಲ. ಸೂರ್ಯ ಹುಟ್ಟುವ ಹೊತ್ತಿನ ಬೆಳಕು ಓರೆಯಾಗಿ ಬೀಳುತ್ತೆ, ಹೆಜ್ಜೆಯ ಕುಳಿಯಲ್ಲಿ ನೆರಳು ನಿಲ್ಲುತ್ತೆ. ಎಂಟು ಗಂಟೆಯ ಮೇಲೆ ಅದೇ ಹೆಜ್ಜೆ ಕಣ್ಣಿಗೆ ಬೀಳಲ್ಲ, ತಲೆ ಮಾತ್ರ ಸುಡುತ್ತೆ.

ಗುರುತಿಸೋದು ಹೀಗೆ. ಉಗುರಿನ ಚುಕ್ಕೆ ಕಂಡರೆ ನಾಯಿ, ನರಿ, ತೋಳದ ಕಡೆ. ಉಗುರು ಕಾಣದೆ ದುಂಡಗಿದ್ದರೆ ಬೆಕ್ಕಿನ ಕಡೆ, ಅಂದರೆ ಮನೆ ಬೆಕ್ಕೋ ಕಾಡುಬೆಕ್ಕೋ. ಬೆಕ್ಕು ನಡೆಯುವಾಗ ಉಗುರು ಒಳಗೆ ಎಳೆದುಕೊಳ್ಳುತ್ತೆ. ನರಿ ಹೆಜ್ಜೆ ಊರ ನಾಯಿಯದ್ದಕ್ಕಿಂತ ಚಿಕ್ಕದು, ಸಪೂರ. ತೋಳದ್ದು ದೊಡ್ಡದು, ಉದ್ದಕ್ಕೆ ಇರುತ್ತೆ. ಆದರೆ ಒಂದು ಹೆಜ್ಜೆ ನೋಡಿ ತೀರ್ಪು ಕೊಡಬೇಡಿ, ಇಪ್ಪತ್ತು ಹೆಜ್ಜೆ ಹಿಂಬಾಲಿಸಿ. ನಾಯಿ ಅಲ್ಲಿ ಮೂಸಿ, ಇಲ್ಲಿ ತಿರುಗಿ, ಜಾಲಿ ಬುಡದಲ್ಲಿ ಕಾಲೆತ್ತಿ, ಅಡ್ಡಾದಿಡ್ಡಿ ಹೋಗಿರುತ್ತೆ. ತೋಳಕ್ಕೆ ಅಷ್ಟು ಪುರಸೊತ್ತಿಲ್ಲ. ನೇರ ಸಾಲು, ಮುಂಗಾಲು ಇಟ್ಟಲ್ಲೇ ಹಿಂಗಾಲು.

ಕತ್ತೆಕಿರುಬ ಕೂಡ ನಮ್ಮ ಕಡೆ ಉಂಟು. ಅದರ ಮುಂಗಾಲಿನ ಗುರುತು ಹಿಂಗಾಲಿಗಿಂತ ಎದ್ದು ಕಾಣುವಷ್ಟು ದೊಡ್ಡದು. ಎಲುಬು ತಿನ್ನೋದರಿಂದ ಅದರ ಹಿಕ್ಕೆ ಒಣಗಿದ ಮೇಲೆ ಬೆಳ್ಳಗಾಗುತ್ತೆ. ನರಿ ಹಿಕ್ಕೆಯಲ್ಲಿ ಈಗ ಈಚಲ ಬೀಜ ಇರುತ್ತೆ, ಅದನ್ನ ಕಲ್ಲಿನ ಮೇಲೆ, ದಾರಿ ಕೂಡುವಲ್ಲಿ, ಎಲ್ಲರಿಗೂ ಕಾಣೋ ಜಾಗದಲ್ಲೇ ಹಾಕುತ್ತೆ. ಕೈಯಿಂದ ಮುಟ್ಟಬೇಡಿ, ಕಡ್ಡಿಯಿಂದ ಕೆದಕಿ.

ನಿಮ್ಮಲ್ಲಿ ಕಾಡು ಕಾಣದಿದ್ದರೂ ಕುಂಚಾವರಂ, ಚಂದ್ರಂಪಳ್ಳಿ ಕಡೆಯ ಕಾಡು ಅಷ್ಟೇನೂ ದೂರ ಅಲ್ಲ. 2011ರಲ್ಲಿ ಅದು ಚಿಂಚೋಳಿ ವನ್ಯಜೀವಿ ಧಾಮ ಆಯಿತು, ಸುಮಾರು 134 ಚದರ ಕಿಲೋಮೀಟರ್. ಬೆಂಗಳೂರಿನ ಗೆಳೆಯರಿಗೆ ಇದನ್ನು ಹೇಳಿದರೆ ಕಲಬುರಗಿಯಲ್ಲಿ ಬಿಸಿಲು ಬಿಟ್ಟು ಕಾಡೂ ಇದೆಯಾ ಅಂತ ನಗುತ್ತಾರೆ. ಇದೆ, ಎಲೆ ಉದುರಿಸೋ ಕಾಡು, ಮೇ ತಿಂಗಳಲ್ಲಿ ಸತ್ತಂತೆ ಕಂಡರೂ ಸತ್ತಿರಲ್ಲ. ಅಲ್ಲಿ ನೀರು ಕಡಿಮೆ ಆದಾಗ ಪ್ರಾಣಿಗಳು ಹೊಲದ ಕಡೆ ಬರುತ್ತವೆ. ನಿಮ್ಮ ಹತ್ತಿರ ಹಳ್ಳದಲ್ಲಿ ಒಂದಾದರೂ ಮಡು ಉಳಿದಿದೆಯಾ, ಎಲ್ಲಾದರೂ ಬೋರ್‌ವೆಲ್ ಪೈಪ್ ಸೋರುತ್ತಿದೆಯಾ, ಅದರ ಸುತ್ತಲಿನ ಕೆಸರು ನೋಡಿ. ಎಲ್ಲಾ ಹೆಜ್ಜೆ ಅಲ್ಲೇ ಸಿಗುತ್ತವೆ. ಆದರೆ ಕತ್ತಲಾಗುವ ಹೊತ್ತಿಗೆ ಅಲ್ಲಿಂದ ಎದ್ದು ಬನ್ನಿ. ಅವು ಕುಡಿಯೋ ಹೊತ್ತು ಅದು, ನಾವು ಕೂತರೆ ಅವು ಬಾಯಾರಿ ವಾಪಸ್ ಹೋಗುತ್ತವೆ.

ಔರಾದ್ ಕಡೆಯ ಹಿರಿಯರೊಬ್ಬರು:

ನೋಡವ್ವಾ, ಅತ್ತೆ ಮಾವ ಇಬ್ಬರದೂ ಸರಿ ಇರಬಹುದು. ಮುಸ್ಸಂಜೆಗೆ ಒಂದು ಶುರು ಮಾಡಿದ ಕೂಡಲೇ ನಾಲ್ಕಾರು ಸೇರಿ ಅಳುವ, ಕಿರುಚುವ ದನಿ ಬಂದರೆ ನರಿ. ಒಂದೇ ದನಿ, ಉದ್ದಕ್ಕೆ, ನಿಧಾನಕ್ಕೆ ಏರಿ ಇಳಿದರೆ ತೋಳ. ನರಿ ದಿನಾ ಕೂಗುತ್ತದೆ, ತೋಳ ಅಪರೂಪ.

ನಮ್ಮದು ಕುರಿ ಕಾಯುವ ಮನೆತನ. ತೋಳದ ಹೆಸರು ಕೇಳಿದರೆ ಪಟ್ಟಣದವರಿಗೆ ಭಯ, ಕೆಲವರಿಗೆ ಪ್ರೀತಿ. ನಮಗೆ ಎರಡೂ ಅಲ್ಲ, ಲೆಕ್ಕ. ಕುರಿ ಹಿಂಡು ಎಲ್ಲಿ ಬೀಡು ಬಿಟ್ಟಿದೆಯೋ ಅದರ ಹಿಂದೆ ತೋಳ ಇರುತ್ತದೆ. ಅದು ನೋಡೋದು ಹಿಂದೆ ಬಿದ್ದ ಮರಿಯನ್ನ. ದೊಡ್ಡವರು ಕಂಡರೆ ತಾನೇ ದಾರಿ ಬಿಟ್ಟು ಹೋಗುತ್ತದೆ. ಆದರೂ ಸಣ್ಣ ಮಗುವನ್ನ ಮುಸ್ಸಂಜೆಗೆ ಒಂದೇ ಬಿಡಬೇಡಿ, ಅದು ತೋಳಕ್ಕಲ್ಲ, ಊರ ನಾಯಿಗೆ. ನಮ್ಮ ಕಡೆ ಮಕ್ಕಳನ್ನ ಕಚ್ಚಿದ್ದೆಲ್ಲ ನಾಯಿಗಳೇ. ಹಾಡುಹಗಲೇ ನರಿ ಅಂಜದೆ ಹತ್ತಿರ ಬಂದರೆ, ಬಾಯಲ್ಲಿ ಜೊಲ್ಲು ಸುರಿಸಿಕೊಂಡು ತೂರಾಡಿದರೆ, ಮಕ್ಕಳನ್ನು ಎತ್ತಿಕೊಂಡು ಮನೆಗೆ ನಡೀರಿ. ಅದಕ್ಕೆ ಹುಚ್ಚು ಹಿಡಿದಿರುತ್ತದೆ.

ನಿಮ್ಮ ಕಡೆ ಚಿಗರಿ ಇವೆಯೋ ಇಲ್ಲವೋ, ನಮ್ಮ ಔರಾದ್, ಭಾಲ್ಕಿ ಬಯಲಲ್ಲಿ ಇವೆ. ಕೃಷ್ಣಮೃಗ ಅಂತಾರಲ್ಲ, ಅದೇ. ಮೇ ಕೊನೆಗೆ ಹೊಲ ಹರಗಿ ಬರಿದಾಗಿರುತ್ತದೆ, ಕಪ್ಪು ಎರೆ ಮಣ್ಣಿನ ಮೇಲೆ ದೂರದಿಂದಲೇ ಕಾಣುತ್ತವೆ. ಗಂಡು ಚಿಗರಿ ದಿನಾ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಗುಂಪು ಬಿದ್ದ ಹಿಕ್ಕೆ ಕಂಡರೆ ಅಲ್ಲೊಂದು ಗಂಡಿನ ಗಡಿ ಇದೆ ಅಂತ ತಿಳಿಯಿರಿ. ಮಿರಗದಲ್ಲಿ ಬಿತ್ತಿದ ಹೆಸರು, ಉದ್ದು, ಸೋಯಾ ಮೊಳಕೆ ಬಂತೋ ಇಲ್ಲವೋ ಹಿಂಡೇ ಇಳಿಯುತ್ತದೆ. ನೋಡೋಕೆ ಚಂದ, ಬಿತ್ತಿದವನ ಹೊಟ್ಟೆ ಉರಿ ಬೇರೆ. ನೀವು ಬಂದು ಫೋಟೋ ತೆಗೆಯಿರಿ, ಬೇಡ ಅನ್ನಲ್ಲ, ಆದರೆ ಆ ಹೊಲದವನ ಮುಂದೆ ಆಹಾ ಓಹೋ ಅನ್ನಬೇಡಿ.

ಶಹಾಪುರದಿಂದ, ನರ್ಸ್:

ಎಲ್ಲರೂ ಹೆಜ್ಜೆ ಹಿಕ್ಕೆ ಅಂತ ಹೇಳಿದ್ರು, ಹಾವಿನ ಮಾತು ಯಾರೂ ಎತ್ತಲಿಲ್ಲ. ನಾನು ಎತ್ತುತ್ತೇನೆ.

ಬೇಸಿಗೆಯಲ್ಲಿ ಹಾವು ಹಗಲು ತಂಪಿನ ಜಾಗದಲ್ಲಿ ಅಡಗಿ ರಾತ್ರಿ ಓಡಾಡುತ್ತೆ. ತಂಪಿನ ಜಾಗ ಅಂದರೆ ನಿಮ್ಮ ಹಿತ್ತಲಿನ ತೊಗರಿ ಕಟ್ಟಿಗೆ ರಾಶಿ, ಕಣಿಕೆ ಬಣವೆ, ಒಟ್ಟಿಟ್ಟ ಪರ್ಸಿ ಕಲ್ಲು. ಮಕ್ಕಳು ಅಲ್ಲಿ ಕೈ ಹಾಕಬಾರದು. ಕಲ್ಲು ಎತ್ತಿ ನೋಡೋ ಚಟ ಇದ್ದರೆ ಇವತ್ತೇ ಬಿಡಿಸಿ, ಕೆಳಗೆ ಚೇಳು ಇರುತ್ತೆ. ಕೆಂಪು ಚೇಳಿನ ವಿಷ ಸಣ್ಣ ಮಕ್ಕಳ ಹೃದಯಕ್ಕೇ ಪೆಟ್ಟು ಕೊಡುತ್ತೆ, ಉರಿ ಅಷ್ಟೇ ಅಂತ ಮನೆಯಲ್ಲಿ ಕೂರಬೇಡಿ.

ಸೆಖೆಗೆ ಅಂಗಳದಲ್ಲಿ ಚಾಪೆ ಹಾಸಿ ಮಲಗುತ್ತೀರಾ? ಹೊರಸಿನ ಮೇಲೆ ಮಲಗಿ, ಸೊಳ್ಳೆ ಪರದೆ ಕಟ್ಟಿ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ. ಕಟ್ಟುಹಾವು ರಾತ್ರಿ ಮಲಗಿದವರನ್ನೇ ಕಚ್ಚೋದು, ನೋವು ಗೊತ್ತೇ ಆಗಲ್ಲ, ಬೆಳಗಿನ ಜಾವಕ್ಕೆ ರೆಪ್ಪೆ ಜೋತು ಬಿದ್ದು ಮಾತು ತೊದಲುತ್ತೆ. ಸಂಜೆ ತಿರುಗಾಟಕ್ಕೆ ಪೂರ್ತಿ ಪಾದ ಮುಚ್ಚೋ ಬೂಟು, ಟಾರ್ಚು. ಮೊಬೈಲ್ ಬೆಳಕು ಸಾಲದು. ಒಣ ಕಲ್ಲು ಜಾಗದಲ್ಲಿ ಗರಗಸ ಮಂಡಲ ಅಂತ ಸಣ್ಣ ಹಾವು, ಒಂದೂವರೆ ಅಡಿ ಇದ್ದರೆ ಜಾಸ್ತಿ. ಸುರುಳಿ ಸುತ್ತಿ ಮೈ ತಿಕ್ಕಿ ಸರ ಸರ ಅಂತ ಸದ್ದು ಮಾಡುತ್ತೆ. ಸದ್ದು ಕೇಳಿದಲ್ಲೇ ನಿಂತು, ಎಲ್ಲಿದೆ ಅಂತ ನೋಡಿ, ಹಿಂದಕ್ಕೆ ಸರಿಯಿರಿ.

ಕಚ್ಚಿದರೆ: ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಮಂತ್ರದವರ ಹತ್ತಿರ ಹೊತ್ತು ಕಳೆಯಬೇಡಿ. ಕೈಕಾಲು ಅಲುಗಿಸದೆ 108ಕ್ಕೆ ಫೋನ್ ಮಾಡಿ ಸರ್ಕಾರಿ ಆಸ್ಪತ್ರೆಗೆ ಬನ್ನಿ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಯವರು ವರದಿ ಮಾಡಲೇಬೇಕು. ಹಾವನ್ನು ಹೊಡೆದು ಚೀಲದಲ್ಲಿ ತರೋ ಅಗತ್ಯ ಇಲ್ಲ, ನಮಗೆ ರೋಗಿ ಬೇಕು, ಹಾವಲ್ಲ. ನಾಯಿ, ನರಿ ಕಚ್ಚಿದರೆ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯೋ ನೀರಲ್ಲಿ ತೊಳೆದು, ಅದೇ ದಿನ ಲಸಿಕೆ.

ಸುರಪುರದಿಂದ, ಶಾಲೆ ಅಕ್ಕೋರು:

ಅಯ್ಯೋ, ನರ್ಸಮ್ಮನ ಮಾತು ಓದಿ ಮಕ್ಕಳನ್ನು ಮನೆಯಲ್ಲಿ ಕೂಡಿ ಹಾಕಬೇಡಿ! ಅವರು ಹೇಳಿದ್ದೆಲ್ಲ ನಿಜ, ಆದರೂ ಹೊರಗೆ ಹೋಗಿ.

ನಾನು ಕಿವಿಯ ಕಡೆಯಿಂದ ಹೇಳುತ್ತೇನೆ. ರೋಹಿಣಿ ಮಳೆ ಹೊತ್ತಿಗೆ ನವಿಲು ಕೂಗು ಜಾಸ್ತಿ ಆಗುತ್ತೆ. ಕೋಗಿಲೆ ಅಂತೂ ನಸುಕಿಂದಲೇ ಶುರು, ಕಾಗೆ ಗೂಡಿನಲ್ಲಿ ಮೊಟ್ಟೆ ಇಡೋ ಕಾಲ. ಮೋಡ ಕಟ್ಟುವ ದಿನಗಳಲ್ಲಿ ಕಪ್ಪು ಬಿಳಿ ಮೈ, ತಲೆ ಮೇಲೆ ಜುಟ್ಟು ಇರೋ ಹಕ್ಕಿ ಜಾಲಿ ಮರದಲ್ಲಿ ಕಂಡರೆ ಅದು ಚಾತಕ. ನಮ್ಮ ಕಡೆ ಮಳೆಗಾಲದಲ್ಲಿ ಕಾಣೋ ಚಾತಕಗಳಲ್ಲಿ ಆಫ್ರಿಕಾದಿಂದ ಸಮುದ್ರ ದಾಟಿ ಮುಂಗಾರು ಗಾಳಿ ಜೊತೆ ಬರುವಂಥವೂ ಇವೆ. ಮಳೆ ಹನಿ ಮಾತ್ರ ಕುಡಿಯುತ್ತೆ ಅನ್ನೋದು ಕವಿಗಳ ಮಾತು, ಅದು ತಿನ್ನೋದು ಕಂಬಳಿಹುಳ, ಮೊಟ್ಟೆ ಇಡೋದು ಹರಟೆಮಲ್ಲನ ಗೂಡಲ್ಲಿ.

ಬಯಲಲ್ಲಿ ನಡೆಯುವಾಗ ಟಿಟ್ಟಿಭ ತಲೆ ಮೇಲೆ ಹಾರಿ ಗಲಾಟೆ ಮಾಡಿದರೆ ನಿಂತುಬಿಡಿ. ಹತ್ತಿರದಲ್ಲೇ ಮೊಟ್ಟೆ ಇರುತ್ತೆ. ಗೂಡಿಲ್ಲ, ಬರೀ ನೆಲ, ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಬೆಣಚು ಕಲ್ಲಿನ ನಡುವೆ ಕಾಣೋದೇ ಇಲ್ಲ. ಸುಡೋ ಬಿಸಿಲಿಗೆ ಅದು ಏನು ಮಾಡುತ್ತೆ ಗೊತ್ತಾ? ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತೆ. ನಾವು ಅಲ್ಲಿ ನಿಂತಷ್ಟು ಹೊತ್ತು ಮೊಟ್ಟೆ ಬೇಯುತ್ತೆ, ಆದ್ದರಿಂದ ಬೇಗ ಸರಿಯಿರಿ. ಟಿಟ್ಟಿಭ ದಿಬ್ಬದ ಮೇಲೆ ಮೊಟ್ಟೆ ಇಟ್ಟರೆ ಮಳೆ ಚಲೋ ಅಂತ ನಮ್ಮಜ್ಜ ಹೇಳುತ್ತಿದ್ದರು. ನಾನಂತೂ ನಂಬಲ್ಲ, ಆದರೂ ಪ್ರತಿ ವರ್ಷ ನೋಡುತ್ತೇನೆ.

ಹಳೇ ವಾಡೆ ಇದ್ದರೆ ಗೋಡೆ ಬುಡದಲ್ಲಿ ಬೂದು ಬಣ್ಣದ ಒಣ ಉಂಡೆ ಹುಡುಕಿ. ಗೂಬೆ ಉಗುಳಿದ್ದು ಅದು. ಕಡ್ಡಿಯಿಂದ ಬಿಡಿಸಿದರೆ ಇಲಿಯ ಕೂದಲು, ದವಡೆ, ತಲೆಬುರುಡೆ ಎಲ್ಲಾ ಸಿಗುತ್ತೆ. ನಮ್ಮ ಐದನೇ ಕ್ಲಾಸಿನವರು ಅದನ್ನು ನೋಡಿದ ಮೇಲೆ ಗೂಬೆ ಅಪಶಕುನ ಅನ್ನೋದು ಬಿಟ್ಟರು. ರಜೆ ಉಳಿದಿದ್ದರೆ ನಮ್ಮ ಬೋನಾಳ ಕೆರೆಗೆ ಬನ್ನಿ. ಚಳಿಗಾಲದ ಪಟ್ಟೆತಲೆ ಹೆಬ್ಬಾತು ಈಗ ಇರಲ್ಲ, ನೇರಳೆ ಬಕ ನೋಡಬಹುದು.

ಮನೆ ಮುಂದೆ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ಬುಲ್‌ಬುಲ್, ಗುಬ್ಬಿ, ಅಳಿಲು ತಾವೇ ಬರುತ್ತವೆ.

ಶಹಾಪುರದ ನರ್ಸ್, ಮತ್ತೆ:

ನೀರಿಡಿ, ಆದರೆ ಬಾಗಿಲ ಹತ್ತಿರ ಬೇಡ. ನೀರಿಗೆ ಕಪ್ಪೆ, ಕಾಳಿಗೆ ಇಲಿ, ಅವೆರಡಕ್ಕೂ ಹಾವು. ಇಪ್ಪತ್ತು ಹೆಜ್ಜೆ ಆಚೆ, ಸುತ್ತ ಪೊದೆ ಇಲ್ಲದ ಕಡೆ, ದಿನಾ ತೊಳೆದು ಇಡಿ. ತೊಳೆಯದಿದ್ದರೆ ಸೊಳ್ಳೆ.

ಸುರಪುರದ ಅಕ್ಕೋರು:

ಒಪ್ಪಿದೆ. ಹತ್ತು ಹೆಜ್ಜೆ ಸಾಕು ಅಂತ ನನ್ನ ಅನಿಸಿಕೆ, ಇಪ್ಪತ್ತು ಹೆಜ್ಜೆ ಆದರೆ ಅಜ್ಜಿಗೆ ಕಟ್ಟೆ ಮೇಲೆ ಕೂತು ನೋಡೋಕೆ ಆಗಲ್ಲ.

ಸೇಡಂನಿಂದ, ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಟ್ಟಿಗೆ ರಾಶಿ ಮನೆಯಿಂದ ದೂರ ಸರಿಸಿದ್ದಾಯಿತು, ಮಾವ ಗೊಣಗಿದರು. ಕಸಬರಿಗೆ ಐಡಿಯಾ ಮಕ್ಕಳಿಗೆ ಹುಚ್ಚು ಹಿಡಿಸಿದೆ, ಐದೂವರೆಗೇ ನನ್ನನ್ನ ಎಬ್ಬಿಸುತ್ತಾರೆ. ಬೆಳಿಗ್ಗೆ ಒಂದು ವಿಚಿತ್ರ ಗುರುತು ಕಂಡಿತು. ನಡುವೆ ಕೋಲು ಎಳೆದಂಥ ಒಂದು ಗೆರೆ, ಸ್ವಲ್ಪ ಡೊಂಕು. ಅದರ ಎರಡೂ ಬದಿಗೆ ಉಗುರಿನ ಹೆಜ್ಜೆ. ಹಾವಲ್ಲ ತಾನೇ? ಬದುವಿನ ಬಿಲದ ತನಕ ಹೋಗಿದೆ.

ಚಿಂಚೋಳಿ ಕಡೆಯವರು:

ಹಾವಿಗೆ ಕಾಲೆಲ್ಲಿ ಅಕ್ಕಾ! ಅದು ಉಡ. ನಡುವಿನ ಗೆರೆ ಬಾಲದ್ದು. ಆದರೆ ಉಡ ಹಗಲು ಓಡಾಡೋ ಪ್ರಾಣಿ, ನೀವು ಗುಡಿಸಿದ ಮೇಲೆ ಸಂಜೆ ಬೆಳಕಿರುವಾಗಲೇ ದಾಟಿರಬೇಕು. ಇಲಿ, ಹುಳ, ಮೊಟ್ಟೆ ತಿಂದುಕೊಂಡು ಇರುತ್ತೆ, ನಿಮ್ಮ ತಂಟೆಗೆ ಬರಲ್ಲ, ಹಿಡಿಯಲು ಹೋದರೆ ಮಾತ್ರ ಬಾಲದಿಂದ ಬಾರಿಸುತ್ತೆ. ಬಿಲಕ್ಕೆ ಕೋಲು ಹಾಕಬೇಡಿ. ಮಾಂಸಕ್ಕೆ, ಎಣ್ಣೆಗೆ ಅಂತ ಇದನ್ನು ಹಿಡಿಯುವವರು ಇನ್ನೂ ಇದ್ದಾರೆ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಉಡ ಇದೆ, ಹಿಡಿದರೆ ಜೈಲು. ಯಾರಾದರೂ ಬಲೆ, ನಾಯಿ ತಂದರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಮತ್ತೆ, ಮಕ್ಕಳು ತೆಗೆದ ಫೋಟೋ ಇಲ್ಲಿ ಹಾಕಿ, ನೋಡೋಣ. ಊರ ಹೆಸರು, ಹೊಲದ ಗುರುತು ಮಾತ್ರ ಬರೆಯಬೇಡಿ.