ಮದೀರಾ: ರನ್‌ವೇ ಮೇಲೆ ದಿಬ್ಬ ಎದ್ದಿದೆ, ಬೇರೆ ಯಾವ ಆಡ್-ಆನ್ ಕೊಳ್ಳಲಿ?

ಕಡಲಗಾಳಿ:
ಗಣಕದಲ್ಲಿ ವಿಮಾನ ಹಾರಿಸುವ ನನ್ನ ಸಿಮ್ಯುಲೇಟರಿಗೆ ದುಡ್ಡು ಕೊಟ್ಟು ಪೋರ್ಚುಗಲ್‌ನ ಮದೀರಾ ದ್ವೀಪದ ವಿಮಾನ ನಿಲ್ದಾಣದ ಸೀನರಿ (ನಿಲ್ದಾಣವನ್ನು ಪರದೆಯಲ್ಲಿ ಮೂಡಿಸುವ ಆಡ್-ಆನ್) ತಂದೆ. ಜಾಹೀರಾತಿನ ಚಿತ್ರದಲ್ಲಿ ಕಂಡದ್ದೇ ಬೇರೆ, ಪರದೆಯ ಮೇಲೆ ಬಂದದ್ದೇ ಬೇರೆ. ಕಂಬಗಳ ಮೇಲೆ ನಿಲ್ಲಬೇಕಾದ ಭಾಗದಲ್ಲಿ ಮಣ್ಣಿನ ದಿಬ್ಬವೊಂದು ರನ್‌ವೇಯನ್ನು ಸೀಳಿಕೊಂಡು ಮೇಲೆದ್ದಿದೆ. ಕಂಬಗಳು ಅರ್ಧ ಹೂತುಹೋಗಿವೆ. ಟರ್ಮಿನಲ್ ಒಳಗೆ ಇನ್ನೊಂದು ಟರ್ಮಿನಲ್ ತೂರಿಕೊಂಡಿದೆ. ಅಳಿಸಿ ಮತ್ತೆ ಹಾಕಿದ್ದೂ ಆಯಿತು. ಮಾರಿದವರಿಗೆ ಬರೆದರೆ ಉತ್ತರವಿಲ್ಲ. ಇದನ್ನು ಕಿತ್ತೆಸೆದು ಬೇರೆಯದನ್ನು ಕೊಳ್ಳಬೇಕೆಂದಿದ್ದೇನೆ. ಯಾವುದು ಒಳ್ಳೆಯದು? ಹೆಸರು ಹೇಳಿದರೆ ಸಾಕು, ಉಪದೇಶ ಬೇಡ.

ಗಾಳಿಚೀಲ:
ಕಮ್ಯುನಿಟಿ ಫೋಲ್ಡರ್‌ನಲ್ಲಿರುವುದನ್ನೆಲ್ಲ ಹೊರಗೆ ತೆಗೆದಿಡಿ. ರೋಲಿಂಗ್ ಕ್ಯಾಶ್ (ಉಳಿಸಿಟ್ಟ ದೃಶ್ಯಗಳ ತಾತ್ಕಾಲಿಕ ಫೈಲ್) ಅಳಿಸಿ. ಆಮೇಲೆ ಮದೀರಾ ಒಂದನ್ನೇ ಹಾಕಿ ನೋಡಿ.

ಮೂರುಪರದೆ:
ವಿಡಿಯೊ ಮೆಮೊರಿ ಸಾಲುತ್ತಿಲ್ಲ, ಅಷ್ಟೇ. ಈಗಿನ ನಿಲ್ದಾಣಗಳಲ್ಲಿ ಟರ್ಮಿನಲ್‌ನ ಒಳಗಿನ ಕುರ್ಚಿಗೂ 4ಕೆ ಟೆಕ್ಸ್ಚರ್ (ಮೇಲ್ಮೈ ಚಿತ್ರ) ಹಚ್ಚುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಯಾವುದು? 8 ಜಿಬಿಯದಾಗಿದ್ದರೆ ಬೇರೆ ಆಡ್-ಆನ್ ಕೊಂಡರೂ ಇದೇ ಗತಿ.

ಕಡಲಗಾಳಿ:
ನನ್ನಲ್ಲಿ ಕಮ್ಯುನಿಟಿ ಫೋಲ್ಡರ್ ಎಂಬುದೇ ಇಲ್ಲ, ಅದು ಮೈಕ್ರೋಸಾಫ್ಟ್ ಸಿಮ್ಯುಲೇಟರಿನದು. ನನ್ನದು ಎಕ್ಸ್-ಪ್ಲೇನ್ 12. ಕಾರ್ಡ್ ಚೆನ್ನಾಗಿಯೇ ಇದೆ, ಉಳಿದ ನಿಲ್ದಾಣಗಳೆಲ್ಲ ನೆಟ್ಟಗಿವೆ.

ಗಾಳಿಚೀಲ:
ಸಿಮ್ಯುಲೇಟರ್ ಯಾವುದೆಂದು ಹೇಳದೆ ಹೆಸರು ಮಾತ್ರ ಕೇಳಿದರೆ ನಾವೇನು ಜ್ಯೋತಿಷಿಗಳೇ?

ಮೂರುಪರದೆ:
"ಚೆನ್ನಾಗಿಯೇ ಇದೆ" ಎಂದರೆ ಎಷ್ಟು ಜಿಬಿ? ಟೆಕ್ಸ್ಚರ್ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ ನೋಡಿ.

ಹಳೆಯಯೋಕ್:
ಮೆಮೊರಿ ಸಾಲದಿದ್ದರೆ ಚಿತ್ರ ಮಸುಕಾಗುತ್ತದೆ, ದಿಬ್ಬ ಬೆಳೆಯುವುದಿಲ್ಲ. ಕಡಲಗಾಳಿಯವರೇ, ಕಸ್ಟಮ್ ಸೀನರಿ ಫೋಲ್ಡರ್‌ನಲ್ಲಿ ಇನ್ನೇನೇನು ಇದೆ? ಆ ದ್ವೀಪಕ್ಕೆ ಆರ್ಥೊ, ಅಂದರೆ ಉಪಗ್ರಹ ಚಿತ್ರ ಹೊದಿಸಿದ ನೆಲ, ಹಾಕಿದ್ದೀರಾ?

ಕಡಲಗಾಳಿ:
ಆರ್ಥೊ ಇಲ್ಲದೆ ಯಾರು ಹಾರಿಸುತ್ತಾರೆ? ಹೋದ ವಾರ ಆರ್ಥೊ4ಎಕ್ಸ್‌ಪಿ ಎಂಬ ತಂತ್ರಾಂಶದಲ್ಲಿ ಹೊಸದಾಗಿ ಮಾಡಿದೆ, ಚಿತ್ರದ ಜೂಮ್ ಮಟ್ಟ 17. ಮೊದಲು ಇಳಿಸಿಕೊಂಡಿದ್ದ ಉಚಿತ ಮದೀರಾ ಕೂಡ ಅಲ್ಲೇ ಇದೆ. ಅದಕ್ಕೂ ದುಡ್ಡು ಕೊಟ್ಟು ತಂದ ಸೀನರಿಗೂ ಏನು ಸಂಬಂಧ?

ರೆಕ್ಕೆತುದಿ:
ನಿಲ್ದಾಣದ ವಿವರವಿರುವ ಏಪಿಟಿ ಫೈಲಿನಲ್ಲಿ "ಸದಾ ಸಮತಟ್ಟು" ಆಯ್ಕೆ ಹಾಕಿ. ಎಲ್ಲ ದಿಬ್ಬಗಳಿಗೂ ಅದೇ ಮದ್ದು.

ಹಳೆಯಯೋಕ್:
ರೆಕ್ಕೆತುದಿಯವರೇ, ಮದೀರಾದಲ್ಲಿ ಆ ಮದ್ದು ರೋಗವನ್ನು ಹೆಚ್ಚಿಸುತ್ತದೆ. 2000ರಲ್ಲಿ ಅಲ್ಲಿನ ರನ್‌ವೇಯನ್ನು 2,781 ಮೀಟರಿಗೆ ಉದ್ದ ಮಾಡಿದಾಗ ಹೊಸ ಭಾಗವನ್ನು ಕಂಬಗಳ ಮೇಲೆ ಕಟ್ಟಿದರು. ಅದರ ಅಡಿಯಲ್ಲಿ ರಸ್ತೆಯೇ ಹಾದುಹೋಗುತ್ತದೆ. ಸಮತಟ್ಟು ಮಾಡಿದರೆ ಸಿಮ್ಯುಲೇಟರ್ ನೆಲವನ್ನೇ ರನ್‌ವೇಯ ಎತ್ತರಕ್ಕೆ ಏರಿಸುತ್ತದೆ, ಕಂಬಗಳೆಲ್ಲ ಮಣ್ಣುಪಾಲು.

ಕಡಲಗಾಳಿಯವರೇ, ನಿಮ್ಮಲ್ಲಿರುವುದು ಒಂದಲ್ಲ, ಎರಡು ತೊಂದರೆ. ಜೋಡಿ ಟರ್ಮಿನಲ್‌ಗೆ ಆ ಉಚಿತ ಆವೃತ್ತಿ ಕಾರಣ. ಒಂದು ಸೀನರಿಯಲ್ಲಿ ಎಕ್ಸ್‌ಕ್ಲೂಷನ್ ವಲಯ (ಬೇರೆ ಸೀನರಿಯ ಕಟ್ಟಡಗಳನ್ನು ತಡೆಯುವ ಗಡಿ) ಬಿಡಿಸಿರದಿದ್ದರೆ ಕೆಳಗಿನ ಸೀನರಿಯ ಕಟ್ಟಡಗಳೂ ಮೂಡುತ್ತವೆ. ಉಚಿತದ್ದನ್ನು ತೆಗೆಯಿರಿ.

ದಿಬ್ಬಕ್ಕೆ ಆರ್ಥೊ ಕಾರಣ, ಅದೂ ತನ್ನದೇ ನೆಲ ತರುತ್ತದೆ. ನೆಲದ ಮೆಶ್ (ಏರಿಳಿತದ ಜಾಲರಿ) ಒಂದು ಡಿಗ್ರಿ ಚೌಕದ ಟೈಲ್‌ಗಳಾಗಿ ಬರುತ್ತದೆ, ನಿಲ್ದಾಣ ಇರುವುದು +32-017ರಲ್ಲಿ, ಅಂದರೆ 32 ಡಿಗ್ರಿ ಉತ್ತರ, 17 ಡಿಗ್ರಿ ಪಶ್ಚಿಮದ ಮೂಲೆಯಿಂದ ಶುರುವಾಗುವ ಟೈಲ್‌ನಲ್ಲಿ. ಒಂದು ಟೈಲ್‌ಗೆ ಒಂದೇ ಮೂಲ ಮೆಶ್ ನಡೆಯುತ್ತದೆ; ಸೀನರಿಗಳ ಕ್ರಮ ಬರೆದಿರುವ ಸೀನರಿ ಪ್ಯಾಕ್ಸ್ ಪಟ್ಟಿಯಲ್ಲಿ ಯಾವುದು ಮೇಲಿದೆಯೋ ಅದು. ನೀವು ಕೊಂಡ ಪೊಟ್ಟಣದಲ್ಲಿ ನಿಲ್ದಾಣದ ಫೋಲ್ಡರ್ ಒಂದು, ಮೆಶ್ ಫೋಲ್ಡರ್ ಇನ್ನೊಂದು ಇರಬೇಕು. ಈಗ ನಿಲ್ದಾಣ ಮೇಲಿದೆ, ನಡುವೆ ಆರ್ಥೊ, ಅದರಡಿಯಲ್ಲಿ ಮೆಶ್ ಎಂದು ನನ್ನ ಊಹೆ. ಮೆಶ್ ಅನ್ನು ಆರ್ಥೊದ ಮೇಲಕ್ಕೆ ತನ್ನಿ. ಪಟ್ಟಿಯನ್ನು ತಿದ್ದುವಾಗ ಸಿಮ್ಯುಲೇಟರ್ ಮುಚ್ಚಿರಲಿ.

ಮೂರುಪರದೆ:
ಇರಬಹುದು. ಆದರೂ ಮೆಮೊರಿ ನೋಡುವುದು ಒಳ್ಳೆಯದು. ನನ್ನ ಕಾಕ್‌ಪಿಟ್‌ನಲ್ಲಿ ಬಾಗಿದ ಪರದೆಗೆ ಮೂರು ಪ್ರೊಜೆಕ್ಟರ್ ಇವೆ, ಥ್ರಾಟಲ್ ಪೆಟ್ಟಿಗೆಯನ್ನು ನಾನೇ ಕಟ್ಟಿದ್ದು, ಎಂಜಿನ್ ಶಬ್ದಕ್ಕೆ ಸೀಟಿನಡಿ ಕಂಪಕ ಕೂರಿಸಿದ್ದೇನೆ. ಮದೀರಾದಲ್ಲಿ ಒಂದು ಫ್ರೇಮ್ ಕೂಡ ತಪ್ಪುವುದಿಲ್ಲ.

ಗಾಳಿಚೀಲ:
ಅಷ್ಟೆಲ್ಲ ಇಟ್ಟುಕೊಂಡು ಹಾಂಗ್‌ಕಾಂಗ್‌ನ ಹಳೆಯ ನಿಲ್ದಾಣ ಕಾಯ್ ಟಾಕ್ ಬಿಟ್ಟು ಮದೀರಾದಲ್ಲಿ ಇಳಿಸುವುದೇ? ಕಾಯ್ ಟಾಕ್‌ನಲ್ಲಿ ಗುಡ್ಡದ ಮೇಲಿನ ಚೌಕಳಿ ಫಲಕ ನೋಡಿ ಬಲಕ್ಕೆ ತಿರುಗಿಸುವ ಸುಖವೇ ಬೇರೆ.

ರೆಕ್ಕೆತುದಿ:
ಕಾಯ್ ಟಾಕ್ 1998ರಲ್ಲೇ ಮುಚ್ಚಿತು. ಮದೀರಾದಲ್ಲಿ ಇವತ್ತಿಗೂ ಗಾಳಿ ಜೋರಾದರೆ ವಿಮಾನಗಳು ಬೇರೆಡೆಗೆ ಹೋಗುತ್ತವೆ. ಹೋಲಿಕೆಯೇ ಸರಿಯಲ್ಲ.

ಗಾಳಿಚೀಲ:
ಮುಚ್ಚಿದ್ದರಿಂದ ಕಷ್ಟ ಕಡಿಮೆಯಾಯಿತೇ? ಅದಿರಲಿ, ದುಡ್ಡು ಕೊಟ್ಟದ್ದೇ ಮೊದಲ ತಪ್ಪು. ಎಕ್ಸ್-ಪ್ಲೇನ್ ಬಳಕೆದಾರರು ನಿಲ್ದಾಣಗಳನ್ನು ಹಂಚುವ ಗೇಟ್‌ವೇ ತಾಣದಲ್ಲಿ ಉಚಿತವಾಗಿ ಸಿಗುತ್ತದಲ್ಲ.

ಹಳೆಯಯೋಕ್:
ಗೇಟ್‌ವೇಗೆ ಸಲ್ಲಿಸುವ ನಿಲ್ದಾಣದಲ್ಲಿ ಸಿಮ್ಯುಲೇಟರ್ ಜೊತೆ ಬರುವ ವಸ್ತುಗಳನ್ನು ಮಾತ್ರ ಬಳಸಬಹುದು. ಬಯಲಿನ ಸಣ್ಣ ನಿಲ್ದಾಣಕ್ಕೆ ಅದು ಧಾರಾಳ ಸಾಕು, ಅಂಥವಕ್ಕೆ ನಾನೂ ಕಾಸು ಬಿಚ್ಚುವುದಿಲ್ಲ. ನೆಲದ ಏರಿಳಿತವೇ ಜೀವಾಳವಾಗಿರುವ ಮದೀರಾ, ನೇಪಾಳದ ಲುಕ್ಲಾ, ಫ್ರಾನ್ಸಿನ ಕುರ್ಶವೆಲ್‌ಗಳ ಮಾತು ಬೇರೆ. ಅವುಗಳಿಗೆ ಕಟ್ಟಡದ ಅಂದಕ್ಕಿಂತ ಮೊದಲು ಮೆಶ್ ನೋಡಬೇಕು. ಅಂಗಡಿಯ ಪುಟದಲ್ಲಿ ಮೇಲಿನಿಂದ ತೆಗೆದ ಚಿತ್ರಗಳಷ್ಟೇ ಇದ್ದರೆ ನಾನು ಮುಂದೆ ಹೋಗುತ್ತೇನೆ. ರನ್‌ವೇಯ ಅಂಚನ್ನು ಪಕ್ಕದಿಂದ ತೋರಿಸಲಿ.

ಕಡಲಗಾಳಿ:
ಮೆಶ್ ಮೇಲೆ ತಂದೆ, ಉಚಿತದ್ದನ್ನು ತೆಗೆದೆ. ದಿಬ್ಬ ಹೋಯಿತು, ಟರ್ಮಿನಲ್ ಒಂದೇ ಆಯಿತು. ಆದರೆ ಉಪಗ್ರಹ ಚಿತ್ರವೇ ಮಾಯ! ದ್ವೀಪದ ರಾಜಧಾನಿ ಫುಂಚಾಲ್‌ನಿಂದ ಪಶ್ಚಿಮಕ್ಕೆ ಹಾರಿದರೆ ಕಾಮರಾ ದೆ ಲೋಬೋಸ್ ಊರು ದಾಟಿದ ಮೇಲೆ ದ್ವೀಪಕ್ಕೆ ಗೆರೆ ಎಳೆದಂತಿದೆ: ಒಂದು ಬದಿ ಫೋಟೊ, ಇನ್ನೊಂದು ಬದಿ ಮಾಮೂಲಿ ಹಸಿರು. ಇದೇನು ಪರಿಹಾರ?

ಹಳೆಯಯೋಕ್:
ಆ ಗೆರೆ 17 ಡಿಗ್ರಿ ಪಶ್ಚಿಮ ರೇಖಾಂಶ. ಅದರಾಚೆಗೆ +32-018, ಅಲ್ಲಿ ನಿಮ್ಮ ಆರ್ಥೊ ಹಾಗೆಯೇ ಉಳಿದಿದೆ. ಈಚೆಗೆ ಮೂಲ ಮೆಶ್ ಬದಲಾದದ್ದರಿಂದ ಅದರ ಜೊತೆಗಿದ್ದ ಫೋಟೊವೂ ಹೋಯಿತು. ಎರಡೂ ಬೇಕೆಂದರೆ ಆಡ್-ಆನ್ ಜೊತೆ ಆರ್ಥೊ4ಎಕ್ಸ್‌ಪಿಗೆಂದೇ ಮಾಡಿದ ಪ್ಯಾಚ್ ಫೈಲ್ ಬಂದಿರಬೇಕು. ಅದನ್ನು ಪ್ಯಾಚಸ್ ಫೋಲ್ಡರ್‌ನಲ್ಲಿಟ್ಟು ಟೈಲ್ ಅನ್ನು ಮತ್ತೆ ಕಟ್ಟಿದರೆ ನಿಲ್ದಾಣದ ಎತ್ತರಗಳು ನಿಮ್ಮ ಆರ್ಥೊ ಮೆಶ್‌ನೊಳಗೇ ಸೇರುತ್ತವೆ. ಆಮೇಲೆ ಅವರ ಮೆಶ್ ಬೇಕಾಗಿಲ್ಲ. ಬೇರೆ ಆಡ್-ಆನ್ ಕೊಳ್ಳುವುದೇ ಆದರೆ ಮೊದಲು ಇದೊಂದನ್ನು ವಿಚಾರಿಸಿ.

ಕಡಲಗಾಳಿ:
ನನ್ನ ಪೊಟ್ಟಣದಲ್ಲಿ ಪ್ಯಾಚ್ ಇಲ್ಲ. ಯಾವುದರಲ್ಲಿ ಇದೆ? ಮೊದಲಿನಿಂದಲೂ ಹೆಸರನ್ನೇ ಕೇಳುತ್ತಿದ್ದೇನೆ.

ಮೂರುಪರದೆ:
ಕಾರ್ಡ್ ಎಷ್ಟು ಜಿಬಿ ಎಂದು ಇನ್ನೂ ಹೇಳಿಲ್ಲ.

ಹೊಸಪೈಲಟ್:
ನನಗೂ ಇದೇ ತೊಂದರೆ, ಆದರೆ ಜಿಬ್ರಾಲ್ಟರ್‌ನಲ್ಲಿ. 2023ರವರೆಗೆ ವಾಹನಗಳು ರನ್‌ವೇಯನ್ನು ಅಡ್ಡ ಹಾಯುತ್ತಿದ್ದ ರಸ್ತೆಯಲ್ಲಿ ಸಿಮ್ಯುಲೇಟರಿನ ಕಾರುಗಳು ಗಾಳಿಯಲ್ಲಿ ತೇಲುತ್ತಿವೆ. ಇಲ್ಲೇ ಕೇಳಬಹುದೇ, ಬೇರೆ ಚರ್ಚೆ ತೆರೆಯಬೇಕೇ?

ರೆಕ್ಕೆತುದಿ:
ಇಲ್ಲೇ ಕೇಳಿ. ಸದಾ ಸಮತಟ್ಟು ಹಾಕಿ ನೋಡಿದಿರಾ?