ಕಾಫಿ ಹೊಟ್ಟಿನ ಇಂಗಾಲಕ್ಕೆ ಪಾಲಿಮರ್ ಸೇರಿಸಿದಾಗ ವಿಸ್ತೀರ್ಣ ಇಳಿದರೆ ಪ್ರಯೋಗ ಕೆಟ್ಟಂತೆಯೇ?

ಪ್ರಶ್ನೆ (ರಸಾಯನಶಾಸ್ತ್ರ ಎಂ.ಎಸ್ಸಿ. ವಿದ್ಯಾರ್ಥಿನಿ, ಹಾಸನ): ಸರ್, ಸಕಲೇಶಪುರದ ನಮ್ಮ ತೋಟದ ಚೆರ್ರಿ ಹೊಟ್ಟಿಗೆ (ಒಣಗಿಸಿದ ಕಾಫಿ ಹಣ್ಣಿನ ಸಿಪ್ಪೆ) ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ, ನೈಟ್ರೋಜನ್ ಹರಿವಿನಲ್ಲಿ 700 ಡಿಗ್ರಿಗೆ ಕಾಯಿಸಿ ಸಕ್ರಿಯ ಇಂಗಾಲ (ಅತಿ ಸಣ್ಣ ರಂಧ್ರಗಳು ತುಂಬಿದ ಇಂಗಾಲ) ತಯಾರಿಸಿದ್ದೇನೆ. ಅದರ ಮೇಲೆ ಪಾಲಿಅನಿಲೀನ್ ಎಂಬ ವಿದ್ಯುತ್ ಹರಿಸುವ ಪಾಲಿಮರ್ ಬೆಳೆಸಿದ ನಂತರ ಮೇಲ್ಮೈ ವಿಸ್ತೀರ್ಣ ಮೂರರಲ್ಲೊಂದು ಪಾಲಿಗೆ ಇಳಿದಿದೆ. ಪ್ರಯೋಗ ಕೆಟ್ಟಿತೇ? ಇದೇ ಮಾದರಿಯನ್ನು ಸೂಪರ್‌ಕೆಪಾಸಿಟರಿಗೂ (ವಿದ್ಯುತ್ತನ್ನು ಬೇಗ ತುಂಬಿಕೊಂಡು ಬೇಗ ಬಿಡುವ ಸಾಧನ) ಕಾರ್ಬನ್ ಡೈಆಕ್ಸೈಡ್ ಹಿಡಿಯುವುದಕ್ಕೂ ಬಳಸಬಹುದೇ?

ಉತ್ತರ (ವಸ್ತುವಿಜ್ಞಾನ ಸಂಶೋಧಕ): ಕೆಟ್ಟಿಲ್ಲ. ಆದರೆ ಒಂದೇ ಮಾದರಿಯಿಂದ ಎರಡೂ ಕೆಲಸ ಚೆನ್ನಾಗಿ ಆಗಲೆಂಬ ಆಸೆಯನ್ನು ಕೈಬಿಡಿ.

ಬರಿಯ ಇಂಗಾಲದಲ್ಲಿ ಅಯಾನುಗಳು ರಂಧ್ರದ ಗೋಡೆಗೆ ಬಂದು ನಿಲ್ಲುವುದರಿಂದ ವಿದ್ಯುದಂಶ ಸಂಗ್ರಹವಾಗುತ್ತದೆ. ಪಾಲಿಅನಿಲೀನ್ ತಾನೇ ಉತ್ಕರ್ಷಣೆ ಮತ್ತು ಅಪಕರ್ಷಣೆಗೆ (ಎಲೆಕ್ಟ್ರಾನ್ ಬಿಟ್ಟುಕೊಡುವುದು, ಪಡೆಯುವುದು) ಒಳಗಾಗಿ ಇನ್ನಷ್ಟು ವಿದ್ಯುದಂಶವನ್ನು ಹಿಡಿದಿಡುವುದರಿಂದ, ವಿಸ್ತೀರ್ಣ ಕುಗ್ಗಿದರೂ ಧಾರಕತೆ, ಅಂದರೆ ವಿದ್ಯುದಂಶ ಹಿಡಿದಿಡುವ ಸಾಮರ್ಥ್ಯ, ಏರಬಹುದು. ಆದರೆ ಈ ಪಾಲಿಮರ್ ಚಾರ್ಜ್ ಆಗುವಾಗಲೂ ಇಳಿಯುವಾಗಲೂ ಉಬ್ಬಿ ಕುಗ್ಗಿ ಕ್ರಮೇಣ ಬಿರುಕು ಬಿಡುತ್ತದೆ. ಅದಕ್ಕೆ ಗಟ್ಟಿಯಾದ, ವಿದ್ಯುತ್ ಹರಿಯಬಲ್ಲ ಆಸರೆ ಒದಗಿಸುವುದೇ ಇಂಗಾಲದ ದೊಡ್ಡ ಉಪಕಾರ. ಆದ್ದರಿಂದ ಮೊದಲ ಆವರ್ತನದ (ಒಮ್ಮೆ ಚಾರ್ಜ್ ಆಗಿ ಇಳಿಯುವ ಸುತ್ತು) ಅಂಕಿಯನ್ನಲ್ಲ, ಸಾವಿರಾರು ಆವರ್ತನಗಳ ನಂತರ ಉಳಿದದ್ದನ್ನು ನೋಡಿ. ಪಾಲಿಮರ್ ಪದರ ತೆಳುವಾಗಿರಬೇಕಾದರೆ ಅದರ ಮೂಲವಸ್ತುವಾದ ಅನಿಲೀನ್ ಮೊದಲು ಇಂಗಾಲದೊಳಗೆ ಇಳಿಯಲಿ. ಆಮೇಲೆ 0ರಿಂದ 5 ಡಿಗ್ರಿಯ ಮಂಜುಗಡ್ಡೆ ತೊಟ್ಟಿಯಲ್ಲಿ ಅನಿಲೀನನ್ನು ಪಾಲಿಮರ್ ಆಗಿಸುವ ಅಮೋನಿಯಂ ಪರ್‌ಸಲ್ಫೇಟನ್ನು ಹನಿಹನಿಯಾಗಿ ಸೇರಿಸಿ.

ಅನಿಲದ ಲೆಕ್ಕ ಬೇರೆ. ಕಾರ್ಬನ್ ಡೈಆಕ್ಸೈಡ್ ಅಣುವಿನ ಗಾತ್ರ ಸುಮಾರು 0.33 ನ್ಯಾನೊಮೀಟರ್, ಸಾಮಾನ್ಯ ಒತ್ತಡದಲ್ಲಿ ಅದನ್ನು ಬಿಗಿಯಾಗಿ ಹಿಡಿಯುವುದು 1 ನ್ಯಾನೊಮೀಟರಿಗಿಂತ ಕಿರಿದಾದ ರಂಧ್ರಗಳು, ಪಾಲಿಮರ್ ಬಾಯಿ ಮುಚ್ಚುವುದೂ ಅವುಗಳದ್ದೇ. ಈ ಕೆಲಸಕ್ಕೆ ಲೇಪನವಿಲ್ಲದ ಇಂಗಾಲವನ್ನೇ ಬಳಸಿ. ಪಾಲಿಎಥಿಲೀನ್‌ಇಮೀನ್‌ನಂಥ ಅಮೀನ್ ಪಾಲಿಮರ್ ಬೇಕೆಂದಾದರೆ 2ರಿಂದ 50 ನ್ಯಾನೊಮೀಟರಿನ ಅಗಲ ರಂಧ್ರಗಳುಳ್ಳ ಇಂಗಾಲ ಬೇಕು. ಅಲ್ಲಿ ಅನಿಲ ರಾಸಾಯನಿಕವಾಗಿ ಬಂಧಿತವಾಗುವುದರಿಂದ ಬಿಡಿಸಲು ಹೆಚ್ಚು ಶಾಖವೂ ಬೇಕಾಗುತ್ತದೆ.

ಇನ್ನೊಂದು ಮಾತನ್ನು ದಯವಿಟ್ಟು ಮರೆಯಬೇಡಿ. ಕುಲುಮೆಯ ಆ 700 ಡಿಗ್ರಿಯಲ್ಲಿ ಪೊಟ್ಯಾಸಿಯಂ ಲೋಹವೇ ಉಂಟಾಗಬಹುದು, ಅದು ಗಾಳಿ, ನೀರು ತಾಗಿದರೆ ಹೊತ್ತಿಕೊಳ್ಳಬಲ್ಲದು. ಕುಲುಮೆ ಪೂರ್ತಿ ತಣ್ಣಗಾಗುವವರೆಗೆ ನೈಟ್ರೋಜನ್ ನಿಲ್ಲಿಸಬೇಡಿ, ತೊಳೆಯುವಾಗ ನೀರನ್ನು ಒಮ್ಮೆಲೇ ಸುರಿಯಬೇಡಿ.

ಪ್ರಶ್ನೆ (ಕಾಫಿ ಬೆಳೆಗಾರರು, ಮೂಡಿಗೆರೆ): ಹಾಗಾದರೆ ನಾವು ಹೊಟ್ಟನ್ನು ಗೊಬ್ಬರಕ್ಕೆ ಹಾಕದೆ ಕೂಡಿಡಬೇಕೇ?

ಉತ್ತರ: ಚೆರ್ರಿ ಹೊಟ್ಟನ್ನು ಕೂಡಿಡಬೇಡಿ. ಅದರಲ್ಲಿ ಪೊಟ್ಯಾಷ್ ಹೇರಳವಾಗಿದೆ, ಕೊಳೆಸಿ ಗಿಡಕ್ಕೇ ಕೊಡಿ. ಇಂಗಾಲಕ್ಕೆ ಪಾರ್ಚ್‌ಮೆಂಟ್ ಹೊಟ್ಟು (ಕಾಫಿ ಬೀಜವನ್ನು ಸುತ್ತುವ ಒಳ ಸಿಪ್ಪೆ) ಮೇಲು: ಬೂದಿ ಕಡಿಮೆ, ತೊಳೆಯುವ ಶ್ರಮವೂ ಕಡಿಮೆ. ಹಾಸನದ ವಿದ್ಯಾರ್ಥಿನಿಯವರೂ ಮುಂದಿನ ಮಾದರಿಯನ್ನು ಅದರಿಂದಲೇ ಮಾಡಿ ನೋಡಲಿ.